ಸಂಗೀತವನ್ನೇ ವೃತ್ತಿ ಮಾಡಿಕೊಳ್ಳುವುದು ದೇವರ ಚಿತ್ತವೇ?

ಪ್ರಶ್ನೆ: ನನಗೆ 23 ವರ್ಷ. ಹೈಸ್ಕೂಲಿನಿಂದಲೂ ನಮ್ಮ ಸಭೆಯ ಆರಾಧನಾ ತಂಡದಲ್ಲಿ ಹಾಡುತ್ತೇನೆ, ಕೀಬೋರ್ಡ್ ನುಡಿಸುತ್ತೇನೆ. ಈಗ ಒಂದು ಆಫೀಸಿನಲ್ಲಿ ಕೆಲಸ, ಆದರೆ ಮನಸ್ಸೆಲ್ಲ ಸಂಗೀತದಲ್ಲೇ ಇದೆ. ಗೆಳತಿಯೊಬ್ಬಳ ಜೊತೆ ಸೇರಿ ಸ್ವಂತ ಹಾಡುಗಳನ್ನೂ ಮಾಡಿದ್ದೇನೆ. ಒಂದು ಚಿಕ್ಕ ಕ್ರೈಸ್ತ ಮ್ಯೂಸಿಕ್ ಕಂಪನಿ ಐದು ವರ್ಷದ ಒಪ್ಪಂದ ಕಳುಹಿಸಿದೆ. 'ಇದು ಸೇವೆ, ದುಡ್ಡಿನ ಮಾತು ಆಮೇಲೆ' ಎನ್ನುತ್ತಾರೆ. ಇನ್ನೊಂದು ಕಡೆ ಗೆಳೆಯರ ಬ್ಯಾಂಡ್ ಕರೆಯುತ್ತಿದೆ. ಅವರು ಪ್ರೇಮಗೀತೆ, ಪಾಪ್ ಎಲ್ಲ ನುಡಿಸುತ್ತಾರೆ. ಸಭೆಯ ಹೊರಗಿನ ಸಂಗೀತವೆಲ್ಲ ಲೋಕದ್ದು ಅಂತ ನಮ್ಮ ಪಾಸ್ಟರ್ ಹೇಳುತ್ತಾರೆ. ಕೆಲಸ ಬಿಡಬೇಡ ಅಂತ ಅಪ್ಪ ಹೇಳುತ್ತಾರೆ. ದೇವರ ಚಿತ್ತ ಏನೆಂದು ಹೇಗೆ ತಿಳಿಯಲಿ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆ. ಆದರೆ ಪತ್ರದೊಳಗೆ ಇನ್ನೂ ಮೂರು ಇವೆ. ಯಾವ ಹಾಡು ಹಾಡಬಹುದು, ಹೊಟ್ಟೆಪಾಡು ಹೇಗೆ, ಆ ಒಪ್ಪಂದಕ್ಕೆ ಸಹಿ ಹಾಕಬೇಕಾ. ದೇವರ ಚಿತ್ತ ಮೊದಲು ಗೊತ್ತಾಗಲಿ, ಉಳಿದದ್ದು ಆಮೇಲೆ ನೋಡಿಕೊಂಡರಾಯಿತು ಅಂತ ನಿಮಗೆ ಅನ್ನಿಸಿರಬಹುದು. ಸಭೆಗಳ ಕ್ವಾಯರ್‌ಗಳ ಜೊತೆ, ಸ್ಟುಡಿಯೋಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ ಮೇಲೆ ನನಗೆ ಕಂಡಿರುವುದು ಬೇರೆ. ಆ ಮೂರನ್ನು ಪ್ರಾಮಾಣಿಕವಾಗಿ ನೋಡುತ್ತಾ ಹೋದಂತೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ.

'ದೇವರು ನನ್ನನ್ನು ಕರೆದಿದ್ದಾರೆ' ಅನ್ನುವುದು ದೊಡ್ಡ ಮಾತು. ಅದನ್ನು ಹೇಳಿಕೊಂಡು ಅಭ್ಯಾಸ ಬಿಟ್ಟವರನ್ನು ನೋಡಿದ್ದೇನೆ. ಲೆಕ್ಕ ಇಡದೆ ಸಾಲಕ್ಕೆ ಬಿದ್ದವರನ್ನು ನೋಡಿದ್ದೇನೆ. ಓದದೆ ಸಹಿ ಹಾಕಿ, ತಾವೇ ಬರೆದ ಹಾಡನ್ನು ಹಾಡಲು ಬೇರೆಯವರ ಅನುಮತಿ ಕೇಳುವ ಸ್ಥಿತಿಗೆ ಬಂದವರೂ ಇದ್ದಾರೆ. ಎಲ್ಲರೂ ಒಳ್ಳೆಯವರೇ, ಭಕ್ತಿ ಇದ್ದವರೇ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ನಂಬಿಕೆ ಇರುವವರು ಅಭ್ಯಾಸ, ದುಡ್ಡು, ಕಾಗದಪತ್ರದಂಥ ವಿಷಯಗಳಲ್ಲಿ ಬೇರೆಯವರಿಗಿಂತ ಜಾಸ್ತಿ ಎಚ್ಚರವಾಗಿರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಬೈಬಲಿನಲ್ಲಿ ಸಂಗೀತಗಾರರ ಬಗ್ಗೆ ಬರೆದಿರುವ ಕಡೆ ಒಮ್ಮೆ ಓದಿ ನೋಡಿ. ಮೊದಲನೇ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯದಲ್ಲಿ ದಾವೀದ ಆಲಯದ ಗಾಯಕರನ್ನು ನೇಮಿಸುತ್ತಾನೆ. ಆಸಾಫ, ಹೇಮಾನ, ಯೆದುತೂನ ಅನ್ನುವ ಮೂವರ ಮನೆತನದವರು. ಒಟ್ಟು 288 ಜನ, ಎಲ್ಲರೂ ತರಬೇತಿ ಪಡೆದವರು, ಕೈ ಪಳಗಿದವರು. ಗುರು ಶಿಷ್ಯ, ದೊಡ್ಡವ ಚಿಕ್ಕವ ಅನ್ನದೆ ಚೀಟು ಹಾಕಿ ಸರದಿ ಹಂಚಿಕೊಂಡರು. ಇಡೀ ಅಧ್ಯಾಯದಲ್ಲಿ ಇರುವುದು ಹೆಸರು, ಲೆಕ್ಕ, ಸರದಿ ಪಟ್ಟಿ. ಅದೇ ಅಧ್ಯಾಯದ ಶುರುವಿನಲ್ಲಿ ಇವರು ವಾದ್ಯ ನುಡಿಸುತ್ತಾ ಪ್ರವಾದಿಸುತ್ತಿದ್ದರು ಅಂತಲೂ ಇದೆ. ಪ್ರವಾದನೆಯೂ ಸರದಿ ಪಟ್ಟಿಯೂ ಒಂದೇ ಪುಟದಲ್ಲಿ ಜೊತೆಗಿವೆ. ಬರೆದವರಿಗೆ ಎರಡರ ನಡುವೆ ಯಾವ ಜಗಳವೂ ಕಾಣಲಿಲ್ಲ.

18ನೇ ಶತಮಾನದ ಜರ್ಮನ್ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ತಮ್ಮ ಎಷ್ಟೋ ಕೃತಿಗಳ ಕೊನೆಗೆ 'ದೇವರಿಗೆ ಮಾತ್ರ ಮಹಿಮೆ' ಅನ್ನುವ ಅರ್ಥದ ಮೂರು ಅಕ್ಷರ ಬರೆಯುತ್ತಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. 1720ರಲ್ಲಿ ಅವರು ಒಂಬತ್ತು ವರ್ಷದ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗೆ ಕೀಬೋರ್ಡ್ ಕಲಿಸಲು ಒಂದು ಪುಸ್ತಕ ಶುರು ಮಾಡಿದರು. ಅದರಲ್ಲಿ ಒಂದು ಪುಟ್ಟ ಪಾಠವಿದೆ. ಯಾವ ಸ್ವರಕ್ಕೆ ಯಾವ ಬೆರಳು ಅಂತ ಹೆಚ್ಚುಕಡಿಮೆ ಪ್ರತಿ ಸ್ವರದ ಮೇಲೂ ಅಂಕಿ ಬರೆದಿದ್ದಾರೆ. ಬರೀ ಬೆರಳಿನ ಕಸರತ್ತು, ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರ ತಲೆಯ ಮೇಲೆ 'ಯೇಸುವಿನ ಹೆಸರಿನಲ್ಲಿ' ಅನ್ನುವುದರ ಮೊದಲಕ್ಷರಗಳಿವೆ. ದೊಡ್ಡ ಕ್ವಾಯರ್ ಇಲ್ಲ, ಕೇಳುವವರಿಲ್ಲ. ಒಬ್ಬ ಹುಡುಗ, ಮೂರನೇ ಬೆರಳು, ನಾಲ್ಕನೇ ಬೆರಳು. ನಿಮ್ಮ ಕರೆ ನಿಜವೋ ಅಲ್ಲವೋ ಅಂತ ನೋಡಬೇಕಾದರೆ ಭಾನುವಾರದ ವೇದಿಕೆಗಿಂತ ಮಂಗಳವಾರದ ಸ್ಕೇಲ್ ಅಭ್ಯಾಸವನ್ನು ನೋಡಿ.

ಹಾಗಾದರೆ ಈಗ ಏನು ಮಾಡುವುದು? ಒಂದು ವರ್ಷ ಕೆಲಸ ಬಿಡಬೇಡಿ. ಅಪ್ಪ ಹೇಳುವುದರಲ್ಲಿ ಹುರುಳಿದೆ. ಕೆಲಸದಲ್ಲಿ ಇದ್ದುಕೊಂಡೇ ವಾರಕ್ಕೆ ಇಷ್ಟು ಗಂಟೆ ಅಂತ ಗೊತ್ತು ಮಾಡಿ, ಬೆಳಗಿನ ಹೊತ್ತು ಸಂಗೀತಕ್ಕೆ ಕೊಡಿ. ಸಭೆಗೆ ಸಂಬಂಧ ಇಲ್ಲದ ಒಬ್ಬ ಗುರುವನ್ನು ಹುಡುಕಿಕೊಳ್ಳಿ. ಇದು ಮುಖ್ಯ. ಸಭೆಯಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ನೋಡಿದವರಿದ್ದಾರೆ, ಅವರಿಗೆ ನೀವು ಮನೆ ಮಗುವಿನಂತೆ. ನಿಮ್ಮ ಹಾಡು ಚೆನ್ನಾಗಿದೆ ಅಂತ ಅವರು ಪ್ರೀತಿಯಿಂದ ಹೇಳುತ್ತಾರೆ. ಲಯ ಎಲ್ಲಿ ಜಾರುತ್ತಿದೆ, ಶ್ರುತಿ ಎಲ್ಲಿ ತಗ್ಗುತ್ತಿದೆ ಅಂತ ಮುಖಕ್ಕೆ ಹೇಳುವವರು ನಿಮಗೆ ಬೇಕು. ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುತ್ತಾ ಲಯ ತೋರಿಸುವ ಮೆಟ್ರೊನೋಮ್ ಇಟ್ಟುಕೊಂಡು ನುಡಿಸಿ, ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಹಾಡುವಾಗ ಗೊತ್ತಾಗದ್ದೆಲ್ಲ ಆಗ ಕೇಳಿಸುತ್ತದೆ.

ಆ ವರ್ಷದಲ್ಲಿ ಕೆಲವನ್ನು ಗಮನಿಸುತ್ತಾ ಇರಿ. ಒಮ್ಮೆ ನುಡಿಸಿದ ಕಡೆಯಿಂದ ಎರಡನೇ ಸಲ ಕರೆ ಬರುತ್ತಾ? ಚಪ್ಪಾಳೆ ಇಲ್ಲದ ತಿಂಗಳಲ್ಲೂ ಅಭ್ಯಾಸಕ್ಕೆ ಕೂರುತ್ತೀರಾ? ಬೇರೆಯವರು ನಿಮಗಿಂತ ಚೆನ್ನಾಗಿ ಹಾಡಿದಾಗ ಖುಷಿಯಾಗುತ್ತಾ, ಅಥವಾ ಒಳಗೊಳಗೇ ಕುದಿಯುತ್ತೀರಾ? ನಿಮ್ಮ ನಡವಳಿಕೆ ಗೊತ್ತಿರುವ ಇಬ್ಬರು ಮೂವರು ಹಿರಿಯರು ಇದನ್ನು ನೋಡಿ ಏನು ಹೇಳುತ್ತಾರೆ? ಪ್ರಾರ್ಥನೆ ಮಾಡುವಾಗ ಇವನ್ನೆಲ್ಲ ದೇವರ ಮುಂದೆ ಇಡಿ. ಪ್ರಾರ್ಥನೆಯಲ್ಲಿ ಸಮಾಧಾನ ಸಿಕ್ಕಿತು ಅನ್ನುವುದು ಒಳ್ಳೆಯದೇ. ಆದರೆ ತನಗೆ ಬೇಕಾದದ್ದು ಸಿಗುತ್ತದೆ ಅನ್ನಿಸಿದಾಗಲೂ ಮನಸ್ಸಿಗೆ ಸಮಾಧಾನ ಸಿಗುತ್ತದೆ. ಅದೊಂದನ್ನೇ ನಂಬಿ ರಾಜೀನಾಮೆ ಕೊಡಬೇಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಲೂಕನ 14ನೇ ಅಧ್ಯಾಯದಲ್ಲಿ ಕೇಳಿದ್ದು ಯೇಸುವೇ.

ಇಲ್ಲಿ ಆರಾಧನೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಈಗಾಗಲೇ ಆ ಕೆಲಸದಲ್ಲಿದ್ದೀರಿ, ಮತ್ತು ಸಂಗೀತಗಾರರ ನಂಬಿಕೆಗೆ ನಿಜವಾದ ಪರೀಕ್ಷೆ ಆಗುವುದೂ ಅಲ್ಲೇ.

ಬರುವ ಭಾನುವಾರ ಹಾಡುವಾಗ ಕಣ್ಣು ತೆರೆದು ಜನರ ಬಾಯಿ ನೋಡಿ. ಮೊದಲ ಚರಣಕ್ಕೆ ಎಲ್ಲರೂ ಹಾಡುತ್ತಾರೆ. ಹಾಡು ಮೇಲೇರಿದಾಗ ಒಬ್ಬೊಬ್ಬರೇ ನಿಲ್ಲಿಸುತ್ತಾರೆ. ಗಂಡಸರು ಮೊದಲು ಬಿಡುತ್ತಾರೆ, ಇಲ್ಲಾಂದ್ರೆ ಒಂದು ಸಪ್ತಕ ಕೆಳಗೆ ಗೊಣಗುತ್ತಾರೆ. ಕೊನೆಗೆ ಹಾಡುವುದು ಮೈಕ್ ಹಿಡಿದವರು ಮಾತ್ರ. ಜನರಿಗೆ ಭಕ್ತಿ ಕಡಿಮೆಯಾಯಿತು ಅಂತಲ್ಲ. ಹಾಡನ್ನು ಹಾಡುವವರ ಕಂಠಕ್ಕೆ ಚೆಂದ ಕಾಣುವ ಶ್ರುತಿಯಲ್ಲಿ ಇಟ್ಟಿರುತ್ತಾರೆ, ಅಷ್ಟೇ. ತರಬೇತಿ ಇಲ್ಲದವರ ಕಂಠ ಆರಾಮಾಗಿ ಓಡಾಡುವುದು ಒಂದು ಸಪ್ತಕ ಮತ್ತು ಅದರ ಮೇಲೆ ಎರಡು ಮೂರು ಸ್ವರಗಳಲ್ಲಿ ಮಾತ್ರ. ಹೆಂಗಸರಿಗೆ ಸುಮಾರಾಗಿ ಮಧ್ಯದ ಸಿ ಸ್ವರದ ಕೆಳಗಿನ ಎ ಇಂದ ಮೇಲಿನ ಡಿವರೆಗೆ, ಗಂಡಸರಿಗೆ ಅದರ ಒಂದು ಸಪ್ತಕ ಕೆಳಗೆ. ಅದಕ್ಕಿಂತ ಮೇಲೆ ತುಂಬ ಹೊತ್ತು ನಿಂತರೆ ಗಂಟಲು ಬಿಗಿಯುತ್ತದೆ. ಶ್ರುತಿಯನ್ನು ಒಂದೂವರೆ ಸ್ವರ ಇಳಿಸಿ. ನಿಮ್ಮ ಕಂಠದ ಮಿಂಚು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಕೊನೆ ಬೆಂಚಿನ ಅಜ್ಜನೂ ಹಾಡುತ್ತಾನೆ. ಸಭೆಯ ಸಂಗೀತಗಾರರಿಗೆ ಪ್ರೀತಿ ಅನ್ನುವುದು ಎಷ್ಟೋ ಸಲ ಹೀಗೆ ಸ್ವರದ ಲೆಕ್ಕದಲ್ಲೇ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ. ನಮಗೆ ಜನರನ್ನು ಅಳಿಸಲು ಬರುತ್ತದೆ. ಡ್ರಮ್ಸ್ ನಿಲ್ಲಿಸಿ, ಕೀಬೋರ್ಡಿನಲ್ಲಿ ಒಂದು ಮೆತ್ತನೆಯ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ನಾದ) ಹಿಡಿದು, ಒಂದೇ ಸಾಲನ್ನು ನಾಲ್ಕು ಸಲ ಮೆಲ್ಲಗೆ ಹಾಡಿ, ಆಮೇಲೆ ಒಂದು ಸ್ವರ ಮೇಲೇರಿಸಿ ಡ್ರಮ್ಸ್ ಜೊತೆ ಬಂದರೆ ಅರ್ಧ ಸಭೆಯ ಕೈ ಮೇಲೇಳುತ್ತದೆ. ಪಾಪ್ ಕಛೇರಿಯಲ್ಲೂ ಇದೇ ಆಗುತ್ತದೆ. ಸಂಗೀತ ಇರುವುದೇ ಹಾಗೆ, ಅದರಲ್ಲಿ ತಪ್ಪಿಲ್ಲ. ಅಂಥ ಹೊತ್ತಿನಲ್ಲಿ ದೇವರು ಜನರನ್ನು ಮುಟ್ಟುವುದಿಲ್ಲ ಅಂತಲೂ ನಾನು ಹೇಳುತ್ತಿಲ್ಲ. ಆದರೆ ಶ್ರುತಿ ಏರಿಸಿದ್ದು ನಾನು ಅಂತ ನನಗೆ ಗೊತ್ತಿರುವಾಗ, ಆಮೇಲೆ ಮೈಕಿನಲ್ಲಿ 'ಪವಿತ್ರಾತ್ಮರು ಈಗ ಇಳಿದು ಬಂದರು' ಅಂತ ನಾನೇ ಘೋಷಿಸುವುದು ಸರಿಯಲ್ಲ. ಈ ಒಂದು ಪ್ರಾಮಾಣಿಕತೆ ಉಳಿಸಿಕೊಂಡವರು ವರ್ಷಗಳಾದ ಮೇಲೂ ಒಣಗುವುದಿಲ್ಲ. ಅದನ್ನು ಬಿಟ್ಟವರು ಪ್ರತಿ ವಾರ ಹೋದ ವಾರಕ್ಕಿಂತ ದೊಡ್ಡ ಅಲೆ ಎಬ್ಬಿಸಬೇಕು ಅನ್ನುವ ಒತ್ತಡಕ್ಕೆ ಬೀಳುತ್ತಾರೆ. ನ್ಯಾಯ ಇಲ್ಲದ ಕಡೆ ನಿಮ್ಮ ಹಾಡಿನ ಗದ್ದಲ ನನಗೆ ಬೇಡ ಅಂತ ದೇವರು ಆಮೋಸನ 5ನೇ ಅಧ್ಯಾಯದಲ್ಲಿ ಹೇಳುವ ಮಾತು ಆರಾಧನಾ ತಂಡದ ಪ್ರತಿಯೊಬ್ಬರೂ ಆಗಾಗ ಓದಬೇಕಾದದ್ದು.

ಸಭೆಯ ಹೊರಗಿನ ಸಂಗೀತದ ಬಗ್ಗೆ ನಿಮ್ಮ ಪಾಸ್ಟರ್ ಹೇಳಿದ್ದಕ್ಕೆ ಬರೋಣ. ಅವರ ಭಯ ಸುಮ್ನೆ ಬಂದದ್ದಲ್ಲ, ಹಾಳಾದವರನ್ನು ಅವರೂ ನೋಡಿರುತ್ತಾರೆ. ಆದರೂ 'ಎಲ್ಲವೂ ಲೋಕದ್ದು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಾವೀದನ ಮೊದಲ ಸಂಗೀತದ ಕೆಲಸ ಯಾವುದು? ಮೊದಲನೇ ಸಮುವೇಲನ 16ನೇ ಅಧ್ಯಾಯ ನೋಡಿ. ಅರಮನೆಯಲ್ಲಿ, ಮನಸ್ಸು ಕೆಟ್ಟಿದ್ದ ರಾಜ ಸೌಲನ ಮುಂದೆ ಕಿನ್ನರಿ ನುಡಿಸುವುದು. ಅದು ಆರಾಧನೆಯೂ ಅಲ್ಲ, ಪ್ರಸಂಗವೂ ಅಲ್ಲ. ನುಡಿಸಿದರೆ ಸೌಲನಿಗೆ ಹಗುರವಾಗುತ್ತಿತ್ತು, ಅಷ್ಟೇ. ಮುಂದೆ ಅದೇ ಸೌಲ ನುಡಿಸುತ್ತಿದ್ದವನ ಮೇಲೆ ಈಟಿ ಎಸೆದ. ಹಾಗಾಗಿ ಹೊರಗಿನ ವೇದಿಕೆ ಅಪಾಯಕಾರಿ ಅನ್ನುವುದೂ ಅದೇ ಕಥೆಯಲ್ಲಿದೆ. ಇನ್ನು ಪ್ರೇಮಗೀತೆ ವಿಷಯ. ಪರಮಗೀತ ಅನ್ನುವ ಇಡೀ ಪುಸ್ತಕವೇ ಬೈಬಲಿನಲ್ಲಿ ಇದೆ ಅಲ್ವಾ?

ನಂಬಿಕೆ ಇದ್ದವರೆಲ್ಲ ಇದಕ್ಕೆ ಒಂದೇ ಉತ್ತರ ಕಂಡುಕೊಂಡಿಲ್ಲ. ಅಮೆರಿಕದ ಗಾಸ್ಪೆಲ್, ಅಂದರೆ ಅಲ್ಲಿನ ಕಪ್ಪು ಜನರ ಸಭೆಗಳ ಭಕ್ತಿ ಸಂಗೀತದ ಇತಿಹಾಸದಲ್ಲೇ ಮೂವರನ್ನು ನೋಡಿ. ಥಾಮಸ್ ಡಾರ್ಸಿ ಪಾದ್ರಿಯ ಮಗ. 1920ರ ದಶಕದಲ್ಲಿ ಬ್ಲೂಸ್ ಅನ್ನುವ ಸಭೆಯ ಹೊರಗಿನ ಸಂಗೀತವನ್ನು ಪಿಯಾನೋದಲ್ಲಿ ನುಡಿಸುತ್ತಾ ಹೆಸರು ಮಾಡಿದವರು. 1932ರಲ್ಲಿ ಅವರ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಿಂದ ಹುಟ್ಟಿದ ಅವರ ಹಾಡು ಇವತ್ತಿಗೂ ಸಾವಿನ ಮನೆಗಳಲ್ಲಿ ಕೇಳುತ್ತದೆ. ಆಮೇಲೆ ಅವರು ಪೂರ್ತಿ ಗಾಸ್ಪೆಲ್‌ಗೆ ಬಂದರು. ಆದರೆ ಬ್ಲೂಸಿನ ಸ್ವರಗಳನ್ನು ಜೊತೆಗೇ ತಂದರು. ಇದು ಕ್ಲಬ್ಬಿನ ಸಂಗೀತ ಅಂತ ಹಲವು ಸಭೆಗಳು ಮೊದಮೊದಲು ಬಾಗಿಲು ಹಾಕಿದವು. ಅವರ ಹಾಡುಗಳನ್ನು ಊರೂರಿಗೆ ಒಯ್ದವರಲ್ಲಿ ಮಹೇಲಿಯಾ ಜಾಕ್ಸನ್ ಒಬ್ಬರು. ಬ್ಲೂಸ್ ಹಾಡಿ, ನೈಟ್‌ಕ್ಲಬ್ಬಿಗೆ ಬನ್ನಿ ಅಂತ ದೊಡ್ಡ ದೊಡ್ಡ ಆಹ್ವಾನ ಬಂದರೂ ಅವರು ಹೋಗಲಿಲ್ಲ. ಹಾಗಂತ ಸಭೆಯೊಳಗೇ ಉಳಿಯಲೂ ಇಲ್ಲ. 1950ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು, ಕಪ್ಪು ಜನರ ಹಕ್ಕುಗಳಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಹಾಡಿದರು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಸುವಾರ್ತಿಕಳ ಮಗಳು. ಅವರು 1938ರಲ್ಲೇ ಗಿಟಾರ್ ಹಿಡಿದು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿಗೆ ಗಾಸ್ಪೆಲ್ ಒಯ್ದರು. ಸಭೆಯವರು ಬೇಸರಪಟ್ಟರು. ಇವತ್ತು ರಾಕ್ ಸಂಗೀತದ ಬೇರು ಹುಡುಕುವವರೆಲ್ಲ ಅವರ ಗಿಟಾರ್ ಹತ್ತಿರ ಬಂದು ನಿಲ್ಲುತ್ತಾರೆ. ಮೂವರದೂ ಒಂದೇ ನಂಬಿಕೆ. ದಾರಿ ಮೂರು. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಊಟದ ವಿಷಯಕ್ಕೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ನಿಮ್ಮ ಮನಸ್ಸಾಕ್ಷಿಗೆ ವಿರೋಧವಾಗಿ ಮಾಡಬೇಡಿ, ಬೇರೆ ದಾರಿ ಹಿಡಿದವರನ್ನು ತೀರ್ಪು ಮಾಡಬೇಡಿ.

ನನ್ನ ಮಟ್ಟಿಗೆ ಗೆರೆ ಎಳೆಯುವುದು ಸಾಹಿತ್ಯ ಮತ್ತು ಸಹವಾಸ ನೋಡಿ. ಹಾಡಿನ ಮಾತು ಯಾರ ಬಗ್ಗೆ ಇದೆಯೋ ಅವರ ಮುಖ ನೋಡಿಕೊಂಡು ಅದನ್ನು ಹಾಡಬಹುದಾ? ಗಂಡು ಹೆಣ್ಣಿನ ಪ್ರೀತಿ, ವಿರಹ, ಅಮ್ಮನ ನೆನಪು, ಮಳೆ, ಸಂಕಟ ಇವೆಲ್ಲ ದೇವರು ಕೊಟ್ಟ ಬದುಕೇ. ಹೆಣ್ಣನ್ನು ಸರಕು ಮಾಡುವ ಹಾಡು, ಕುಡಿತವನ್ನು ಹೊಗಳುವ ಹಾಡು ನಾನು ನುಡಿಸುವುದಿಲ್ಲ. ಸಹವಾಸದ ಮಾತು ಇನ್ನೂ ಮುಖ್ಯ. ರಾತ್ರಿ ಎರಡು ಗಂಟೆಗೆ ಕಾರ್ಯಕ್ರಮ ಮುಗಿದ ಮೇಲೆ ಆ ಗೆಳೆಯರು ಏನು ಮಾಡುತ್ತಾರೆ, ಅಲ್ಲಿ ನಿಮ್ಮ ದೌರ್ಬಲ್ಯ ಯಾವುದು, ಇದು ನಿಮಗೆ ಗೊತ್ತಿರಬೇಕು. ಕೆಲವರು ಅಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಕೆಲವರು ಮೂರನೇ ತಿಂಗಳಿಗೇ ಭಾನುವಾರ ಏಳುವುದಿಲ್ಲ. ಬ್ಯಾಂಡಿಗೆ ಸೇರುವ ಮೊದಲೇ 'ಭಾನುವಾರ ಬೆಳಗ್ಗೆ ನಾನು ಸಿಗುವುದಿಲ್ಲ, ಇಂಥ ಹಾಡು ನುಡಿಸುವುದಿಲ್ಲ' ಅಂತ ಹೇಳಿಬಿಡಿ. ಮೊದಲ ದಿನ ಹೇಳಿದರೆ ಅದು ನಿಮ್ಮ ಷರತ್ತು. ಕಾರ್ಯಕ್ರಮದ ಹಿಂದಿನ ದಿನ ಹೇಳಿದರೆ ನೀವು ಕೈಕೊಟ್ಟಂತೆ. ಪಾಸ್ಟರ್ ಹತ್ತಿರ ಹೋಗುವಾಗಲೂ 'ಹೊರಗೆ ಹಾಡಲಾ ಬೇಡವಾ' ಅಂತ ಕೇಳಬೇಡಿ. ಬ್ಯಾಂಡಿನ ಹಾಡುಗಳ ಪಟ್ಟಿ, ಕಾರ್ಯಕ್ರಮದ ಜಾಗ, ಸಮಯ ಎಲ್ಲ ಬರೆದುಕೊಂಡು ಹೋಗಿ ತೋರಿಸಿ. ಅವರಿಗೂ ಸ್ಪಷ್ಟವಾಗಿ ಮಾತಾಡಲು ಸುಲಭವಾಗುತ್ತದೆ. ಆಮೇಲೂ ಅವರು ಬೇಡ ಅಂದರೆ ಕಾರಣ ಕೇಳಿ, ತಾಳ್ಮೆಯಿಂದ ಯೋಚಿಸಿ. ಅವರ ಬೆನ್ನ ಹಿಂದೆ ಮಾತ್ರ ಏನೂ ಮಾಡಬೇಡಿ.

ಸಭೆ ಮತ್ತು ವೇದಿಕೆಯಲ್ಲಿ ಒಂದನ್ನೇ ಆರಿಸಬೇಕು ಅಂತಲೂ ಇಲ್ಲ. ಒಲಿವಿಯೆ ಮೆಸಿಯಾನ್ 20ನೇ ಶತಮಾನದ ದೊಡ್ಡ ಸಂಗೀತ ರಚನಕಾರರಲ್ಲಿ ಒಬ್ಬರು. ಜಗತ್ತಿನ ದೊಡ್ಡ ಸಭಾಂಗಣಗಳಲ್ಲಿ ಅವರ ಕೃತಿಗಳನ್ನು ನುಡಿಸುತ್ತಾರೆ. ಅವರೇ 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸ್ಸಿನ ಒಂದೇ ಚರ್ಚಿನ ಆರ್ಗನ್ ವಾದಕರಾಗಿದ್ದರು. 60 ವರ್ಷಕ್ಕೂ ಹೆಚ್ಚು. ಬಾಖ್ ಕೂಡ ಅಷ್ಟೇ. ಲೈಪ್‌ಜಿಗ್‌ನಲ್ಲಿ ಚರ್ಚುಗಳ ಸಂಗೀತ ನೋಡಿಕೊಳ್ಳುತ್ತಲೇ 1729ರಿಂದ ಒಂದು ಸಂಗೀತ ಸಂಘವನ್ನು ನಡೆಸಿ, ಕಾಫಿ ಅಂಗಡಿಯಲ್ಲಿ ಕಛೇರಿ ಕೊಡಿಸುತ್ತಿದ್ದರು.

ಈಗ ದುಡ್ಡು. 'ಸೇವೆ ಅಂದಮೇಲೆ ದುಡ್ಡಿನ ಮಾತು ಯಾಕೆ' ಅನ್ನುವವರಿಗೆ ನಾನು ನೆಹೆಮೀಯನ 13ನೇ ಅಧ್ಯಾಯ ತೋರಿಸುತ್ತೇನೆ. ನೆಹೆಮೀಯ ಊರಲ್ಲಿ ಇಲ್ಲದಾಗ ಆಲಯದ ಸೇವೆ ಮಾಡುವ ಲೇವಿಯರಿಗೂ ಗಾಯಕರಿಗೂ ಸಲ್ಲಬೇಕಾದ ಪಾಲು ನಿಂತುಹೋಯಿತು. ಅವರು ಆಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋದರು. ಅವನು ವಾಪಸ್ ಬಂದು ಬೈದದ್ದು ಯಾರಿಗೆ? ಹೊಲಕ್ಕೆ ಹೋದ ಗಾಯಕರಿಗಲ್ಲ. ಪಾಲು ಕೊಡದ ಅಧಿಕಾರಿಗಳಿಗೆ. ದೇವರ ಆಲಯವನ್ನು ಯಾಕೆ ಕೈಬಿಟ್ಟಿರಿ ಅಂತ ಅವರನ್ನು ಕೇಳಿದ.

ಬಾಖ್ 1730ರಲ್ಲಿ ಹಳೆಯ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಸಂಬಳದ ಗೋಳು ಹೇಳಿಕೊಂಡಿದ್ದಾರೆ. ಅಂತ್ಯಕ್ರಿಯೆಗಳಲ್ಲಿ ಹಾಡಿಸಿದರೆ ಶುಲ್ಕ ಬರುತ್ತಿತ್ತು. ಹಿಂದಿನ ವರ್ಷ ಹವಾಮಾನ ಚೆನ್ನಾಗಿದ್ದು ಸಾಯುವವರು ಕಡಿಮೆಯಾದರು, ಅದರಿಂದ 100 ಥಾಲರ್‌ಗಿಂತ (ಆಗಿನ ಜರ್ಮನ್ ಬೆಳ್ಳಿ ನಾಣ್ಯ) ಹೆಚ್ಚು ಆದಾಯ ಹೋಯಿತು ಅಂತ ಬರೆದಿದ್ದಾರೆ. ಅದೇ ವರ್ಷ ನಗರಸಭೆಗೂ ಒಂದು ಮನವಿ ಬರೆದರು. ಚರ್ಚಿನ ಸಂಗೀತಕ್ಕೆ ಎಷ್ಟು ಗಾಯಕರು, ಎಷ್ಟು ವಾದಕರು ಬೇಕು, ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ಕೆಲಸಕ್ಕೆ ಬರುವವರೆಷ್ಟು ಅಂತ ಬಿಡಿಸಿ ಬಿಡಿಸಿ ಲೆಕ್ಕ ಕೊಟ್ಟರು. ದೇವರ ಮಹಿಮೆಗೆ ಬರೆಯುತ್ತಿದ್ದ ಕೈಯೇ ಆ ಲೆಕ್ಕವನ್ನೂ ಬರೆಯಿತು. ನೀವು ಕೇಳುವುದರಲ್ಲೂ ನಾಚಿಕೆ ಬೇಡ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪೌಲನಿಗೆ ಸಭೆಗಳಿಂದ ಜೀವನಕ್ಕೆ ಪಡೆಯುವ ಹಕ್ಕಿತ್ತು. ಆದರೂ ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ. ಅಮೆರಿಕದ ಕ್ರೈಸ್ತ ಗಾಯಕ ರಿಚ್ ಮುಲ್ಲಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಆಲ್ಬಂ, ಪ್ರವಾಸದ ಹಣವೆಲ್ಲ ಸಭೆಯ ಹಿರಿಯರ ಕೈಗೆ ಹೋಗುತ್ತಿತ್ತು. ಒಬ್ಬ ಸಾಮಾನ್ಯ ಕೆಲಸಗಾರನ ಸಂಬಳದಷ್ಟನ್ನು ಅವರಿಗೆ ಕೊಟ್ಟು ಉಳಿದದ್ದನ್ನು ದಾನ ಮಾಡುತ್ತಿದ್ದರು. ಗಮನಿಸಿ, ಇಬ್ಬರೂ ತಾವಾಗಿ ಬಿಟ್ಟುಕೊಟ್ಟವರು. ಬಿಟ್ಟುಕೊಡಲು ಮೊದಲು ಅದು ನಿಮ್ಮದಾಗಿರಬೇಕು. ಬೇರೆಯವರು ನಿಮ್ಮ ಪರವಾಗಿ ನಿಮ್ಮ ತ್ಯಾಗವನ್ನು ತೀರ್ಮಾನಿಸುವಂತಿಲ್ಲ.

ವಾಸ್ತವದಲ್ಲಿ ಸಂಗೀತದಿಂದ ಬದುಕುವ ಹೆಚ್ಚಿನವರು ಒಂದೇ ಕಡೆಯಿಂದ ದುಡಿಯುವುದಿಲ್ಲ. ಪಾಠ ಹೇಳುತ್ತಾರೆ, ಬೇರೆಯವರ ರೆಕಾರ್ಡಿಂಗಿಗೆ ನುಡಿಸುತ್ತಾರೆ, ಅರೇಂಜ್ ಮಾಡುತ್ತಾರೆ, ಸೌಂಡ್ ನೋಡಿಕೊಳ್ಳುತ್ತಾರೆ, ಮಧ್ಯೆ ಒಂದೊಂದು ಸ್ವಂತ ಹಾಡು. ಮಕ್ಕಳಿಗೆ ಕೀಬೋರ್ಡ್ ಕಲಿಸುವುದನ್ನು ಕೀಳು ಅಂದುಕೊಳ್ಳಬೇಡಿ. ಸ್ಥಿರವಾಗಿ ದುಡ್ಡು ಬರುವುದೂ ಅಲ್ಲಿಂದಲೇ, ನಿಮ್ಮ ಕೈ ಗಟ್ಟಿಯಾಗುವುದೂ ಅಲ್ಲೇ. ಇವೆಲ್ಲದರಿಂದ ಬರುವ ಆದಾಯ ಸತತ ಆರೇಳು ತಿಂಗಳು ಮನೆ ಖರ್ಚು ತೂಗಿಸುವಷ್ಟಾದರೆ, ಆಗ ಕೆಲಸ ಬಿಡುವ ಮಾತು ಅಪ್ಪನ ಹತ್ತಿರ ಎತ್ತಿ. ಲೆಕ್ಕದ ಪುಸ್ತಕ ಜೊತೆಗಿರಲಿ.

ಕಿವಿಯ ಬಗ್ಗೆ ಒಂದು ಮಾತು, ಇದನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಅಳತೆಯಿದೆ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ 15 ನಿಮಿಷ. ಡ್ರಮ್ಸ್ ಪಕ್ಕ ನಿಂತರೆ ಅಷ್ಟು ಶಬ್ದ ಸುಲಭವಾಗಿ ಆಗುತ್ತದೆ. ಸಂಗೀತಗಾರರಿಗೆಂದೇ ಸಿಗುವ ಇಯರ್‌ಪ್ಲಗ್ ಹಾಕಿಕೊಳ್ಳಿ. ಹೋದ ಕಿವಿ ವಾಪಸ್ ಬರುವುದಿಲ್ಲ. ಗಂಟಲು ಎರಡು ಮೂರು ವಾರ ಒಡೆದೇ ಇದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ.

ಕೊನೆಗೆ ನಿಮ್ಮ ಒಪ್ಪಂದ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಈಗ ಸಹಿ ಹಾಕಬೇಡಿ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ. ಸಾಹಿತ್ಯ ಮತ್ತು ರಾಗ ಸೇರಿ ಒಂದು. ಅದನ್ನು ಹಾಡಿ ಮುದ್ರಿಸಿದ ರೆಕಾರ್ಡಿಂಗ್ ಇನ್ನೊಂದು. ಎರಡರ ಹಕ್ಕೂ ಬೇರೆ, ದುಡ್ಡು ಬರುವ ದಾರಿಯೂ ಬೇರೆ. ರೆಕಾರ್ಡಿಂಗಿಗೆ ಖರ್ಚು ಮಾಡಿದ ಕಂಪನಿ ರೆಕಾರ್ಡಿಂಗಿನಲ್ಲಿ ಪಾಲು ಕೇಳುವುದು ನ್ಯಾಯ. ಆದರೆ ಎಷ್ಟೋ ಒಪ್ಪಂದಗಳಲ್ಲಿ ಒಂದೇ ಸಾಲಿನಲ್ಲಿ ಎರಡನ್ನೂ, 'ಶಾಶ್ವತವಾಗಿ, ಇಡೀ ಜಗತ್ತಿಗೆ' ಅನ್ನುವ ಪದಗಳ ಜೊತೆ ಬರೆಸಿಕೊಂಡಿರುತ್ತಾರೆ. ಆ ಸಾಲು ನಿಮ್ಮ ಪ್ರತಿಯಲ್ಲಿ ಇದೆಯಾ ನೋಡಿ. ಫ್ಯಾನಿ ಕ್ರಾಸ್ಬಿ ಕಣ್ಣು ಕಾಣದ ಕವಯಿತ್ರಿ. 1820ರಿಂದ 1915ರವರೆಗೆ ಬದುಕಿ 8,000ಕ್ಕೂ ಹೆಚ್ಚು ಕ್ರೈಸ್ತ ಗೀತೆ ಬರೆದರು. ಸಾಮಾನ್ಯವಾಗಿ ಅವರಿಗೆ ಸಿಗುತ್ತಿದ್ದದ್ದು ಒಂದು ಗೀತೆಗೆ ಒಂದೆರಡು ಡಾಲರ್. ಹಕ್ಕೆಲ್ಲ ಪ್ರಕಾಶಕರದು. ಅವರು ದುಡ್ಡಿಗೆ ಆಸೆಪಟ್ಟವರಲ್ಲ, ಬಂದದ್ದನ್ನೂ ಹಂಚಿದರು. ಆದರೂ ಅವರ ಹಾಡುಗಳನ್ನು ಜಗತ್ತೆಲ್ಲ ಹಾಡುವಾಗ ನನಗೆ ಆ ಒಂದೆರಡು ಡಾಲರ್ ನೆನಪಾಗದೆ ಇರುವುದಿಲ್ಲ.

ಇನ್ನು 'ಐದು ವರ್ಷ' ಅನ್ನುವುದನ್ನು ಕೂಡ ಪೂರ್ತಿ ಓದಿ. ಐದು ವರ್ಷ ಆದಮೇಲೆ ಮುಂದುವರಿಸುವ ಆಯ್ಕೆ ಕಂಪನಿಗೆ ಮಾತ್ರ ಇದೆಯಾ, ನಿಮಗೂ ಇದೆಯಾ? ಅಷ್ಟರೊಳಗೆ ಬೇರೆ ಕಡೆ ಹಾಡಬಾರದು ಅಂತ ಇದ್ದರೆ ನಿಮ್ಮ ಸಭೆಯ ಲೈವ್ ಪ್ರಸಾರದಲ್ಲಿ ಹಾಡಬಹುದಾ? ರೆಕಾರ್ಡಿಂಗ್, ವಿಡಿಯೋ, ಪ್ರಚಾರದ ಖರ್ಚನ್ನೆಲ್ಲ ನಿಮ್ಮ ಪಾಲಿನಿಂದಲೇ ಮೊದಲು ಕಳೆಯುತ್ತಾರಾ? ಹಾಗಿದ್ದರೆ ಹಾಡು ಓಡಿದರೂ ನಿಮಗೆ ವರ್ಷಗಟ್ಟಲೆ ಏನೂ ಬರದಿರಬಹುದು. ಲೆಕ್ಕ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆಯಾ? ಅವರು ಹಾಡನ್ನು ಬಿಡುಗಡೆಯೇ ಮಾಡದಿದ್ದರೆ ಅದು ನಿಮಗೆ ವಾಪಸ್ ಬರುತ್ತಾ?

ಕಂಪನಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ನಿಜವಾದ ಸೇವೆಯ ಮನಸ್ಸು ಇರಬಹುದು. ಹಾಗಿದ್ದರೆ ದುಡ್ಡಿನ ಮಾತನ್ನು ಮೊದಲೇ ಬರೆದಿಡುವುದು ಅವರಿಗೂ ಒಳ್ಳೆಯದೇ. ಒಂದು ತಿಂಗಳು ಸಮಯ ಕೊಡಿ ಅಂತ ಮರ್ಯಾದೆಯಿಂದ ಉತ್ತರ ಬರೆಯಿರಿ. ಆ ತಿಂಗಳಲ್ಲಿ ಕಾಪಿರೈಟ್ ವಿಷಯ ಗೊತ್ತಿರುವ ವಕೀಲರಿಗೆ ದುಡ್ಡು ಕೊಟ್ಟು ಓದಿಸಿ. ಸಭೆಯಲ್ಲಿರುವ ವಕೀಲರು ಬಿಟ್ಟಿಯಾಗಿ ಕಣ್ಣಾಡಿಸುವುದು ಸಾಲದು. ಹಾಡುಗಳ ಹಕ್ಕು ನಿಮ್ಮಲ್ಲೇ ಉಳಿದು, ಕಂಪನಿಗೆ ಇಷ್ಟು ವರ್ಷಕ್ಕೆ ಅಂತ ಪರವಾನಗಿ ಮಾತ್ರ ಕೊಡುವ ಹಾಗೆ ಬದಲಾಯಿಸಬಹುದಾ ಅಂತ ಕೇಳಿಸಿ.

ಅದಕ್ಕೂ ಮೊದಲು, ಈ ವಾರವೇ ಮುಗಿಸಬೇಕಾದ ಒಂದು ಕೆಲಸ ಇದೆ. ನಿಮ್ಮ ಜೊತೆ ಹಾಡು ಮಾಡಿದ ಆ ಗೆಳತಿ. ಪ್ರತಿ ಹಾಡಿನಲ್ಲಿ ಅವಳ ಪಾಲೆಷ್ಟು, ನಿಮ್ಮದೆಷ್ಟು ಅಂತ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಹಾಡಿನ ಹೆಸರು, ತಾರೀಖು, ಸಾಹಿತ್ಯ ಯಾರದು, ರಾಗ ಯಾರದು, ಶೇಕಡಾ ಎಷ್ಟು, ಇಬ್ಬರ ಸಹಿ. ಒಂದೊಂದು ಪ್ರತಿ ಇಬ್ಬರ ಹತ್ತಿರವೂ ಇರಲಿ. ಕಂಪನಿ ಕಳುಹಿಸಿದ ಒಪ್ಪಂದವನ್ನು ಅವಳಿಗೂ ತೋರಿಸಿ. ಅವಳ ರಾಗ ಇರುವ ಹಾಡಿನ ಹಕ್ಕನ್ನು ನೀವೊಬ್ಬರೇ ಬರೆದುಕೊಡಲು ಬರುವುದಿಲ್ಲ.